ತಳುಕಿನ ವೆಂಕಣ್ಣಯ್ಯನವರು

ಚಳ್ಳಕೆರೆಯಿಂದ ರಾಂಪುರದ ಮಾರ್ಗವಾಗಿ ಬಳ್ಳಾರಿಗೆ ಹೋಗುವವರಿಗೆ ದಾರಿಯಲ್ಲಿ ತಳುಕೆಂಬ ಗ್ರಾಮವು ದೊರೆಯುವುದು. ಮಳೆ ಕಡಮೆಯಾದ ಈ ಸೀಮೆಯಲ್ಲಿ 1885ರಲ್ಲಿ ಜನಿಸಿದ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಪ್ರಾಧ್ಯಾಪಕರಾಗಿ ಕೀರ್ತಿವೆತ್ತರು.

ಅವರ ಬೋಧನಕ್ರಮದ ಮರ್ಮವು ಶಿಷ್ಯನ ಒಲವನ್ನರಿಯುವುದರಲ್ಲಿತ್ತು. 1927ರಲ್ಲಿ ಅಲ್ಲಿ ಕನ್ನಡ ಎಂ.ಎ. ತರಗತಿಯು ಪ್ರಾರಂಭವಾದಾಗ, ಇಂಗ್ಲಿಷಿಗೇ ಮನ್ನಣೆಯಿದ್ದ ಆ ಕಾಲದಲ್ಲಿ ಕನ್ನಡವನ್ನು ಆರಿಸಿಕೊಳ್ಳುವುದು ಸಾಹಸವೇ ಆಗಿತ್ತು. ತತ್ವಶಾಸ್ತ್ರವನ್ನು ಓದಬೇಕೆಂದಿದ್ದ ತರುಣ ಕೆ. ವಿ. ಪುಟ್ಟಪ್ಪನವರಲ್ಲಿ ಕವಿಯನ್ನು ಕಂಡ ವೆಂಕಣ್ಣಯ್ಯನವರು, ಅವರ ಮನವೊಲಿಸಿ ಕನ್ನಡಕ್ಕೆ ತಿರುಗಿಸಿದರು. ಅದೇ ಮೊದಲ ತಂಡದಲ್ಲಿ ಡಿ. ಎಲ್. ನರಸಿಂಹಾಚಾರ್ಯರೂ ಕಲಿತು ವಿದ್ವಾಂಸಾಗ್ರಣಿಗಳಾದರು.

1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳೊಡನೆ ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಬರೆದ ಅವರು, ತಮ್ಮ ಹೆಸರಿನಲ್ಲಿ ಬಿಟ್ಟುಹೋದ ಗ್ರಂಥಗಳು ಕೆಲವೇ; ಅವರ ಹೊತ್ತೆಲ್ಲವೂ ಶಿಷ್ಯರ ಪಾಲಾಯಿತು. 1939ರಲ್ಲಿ ಅವರು ದಿವಂಗತರಾದರು. ಹತ್ತು ವರ್ಷಗಳ ತರುವಾಯ ಪ್ರಕಟವಾದ ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಶಿಷ್ಯರು ಈ ಗುರುವಿಗೇ ಅರ್ಪಿಸಿದರು.

ಭಯವೂ ಅಂಕಗಳ ಆಸೆಯೂ ವಿದ್ಯಾರ್ಥಿಯನ್ನು ಪರೀಕ್ಷೆಯವರೆಗೆ ಮಾತ್ರ ನಡೆಸಬಲ್ಲವು. ಗುರುವಿನ ನಂಬಿಕೆಯು ಜೀವಮಾನವೆಲ್ಲ ನಡೆಸುವುದು. ತೇರ್ಗಡೆಯಾದವರ ಲೆಕ್ಕದಿಂದಲೇ ಉಪಾಧ್ಯಾಯರ ಯೋಗ್ಯತೆಯನ್ನಳೆಯುವ ಅಧಿಕಾರಿಗಳು ಈ ಮಹನೀಯರ ಚರಿತ್ರೆಯನ್ನು ಅವಶ್ಯವಾಗಿ ಮನನಮಾಡತಕ್ಕದ್ದು.