ಕಡಲ್ಗಳ್ಳನ ಕರಾರುಪತ್ರ

ಪಾಲುದಾರಿಕೆಯ ಕಾಯ್ದೆ ಓದುವಾಗೆಲ್ಲ ನನಗೆ ಒಬ್ಬ ಕಡಲ್ಗಳ್ಳನ ನೆನಪಾಗುತ್ತದೆ. ನಗಬೇಡಿ ಗೆಳೆಯರೇ. ಬೇರೆ ಕರಾರು ಇಲ್ಲದಿದ್ದರೆ ಪಾಲುದಾರರು ಲಾಭವನ್ನು ಸಮನಾಗಿ ಹಂಚಿಕೊಳ್ಳಬೇಕು ಅನ್ನುತ್ತದೆ ನಮ್ಮ 1932ರ ಕಾಯ್ದೆ. ಅದಕ್ಕೂ ಇನ್ನೂರು ವರ್ಷ ಮೊದಲೇ ಅಟ್ಲಾಂಟಿಕ್ ಸಾಗರದಲ್ಲಿ, ಹಡಗಿನ ಮೇಲೆಯೇ ಕರಾರು ಬರೆಸಿ, ಬೈಬಲ್ ಮುಟ್ಟಿಸಿ ಪ್ರಮಾಣ ಮಾಡಿಸಿದವನೊಬ್ಬನಿದ್ದ. ಅವನೇ ಬಾರ್ಥಲೋಮ್ಯೂ ರಾಬರ್ಟ್ಸ್.

ಹುಟ್ಟಿದ್ದು 1682ರಲ್ಲಿ, ವೇಲ್ಸ್ ದೇಶದ ಪೆಂಬ್ರೋಕ್‌ಶೈರಿನ ಒಂದು ಹಳ್ಳಿಯಲ್ಲಿ. ಮೊದಲಿನ ಹೆಸರು ಜಾನ್. 1719ರಲ್ಲಿ ಅವನು ಗುಲಾಮರನ್ನು ಸಾಗಿಸುವ ‘ಪ್ರಿನ್ಸೆಸ್’ ಎಂಬ ಹಡಗಿನಲ್ಲಿ ಮೇಟ್ ಆಗಿದ್ದ. ಆ ಕಾಲದ ವ್ಯಾಪಾರಿ ಹಡಗುಗಳಲ್ಲಿ ನಾವಿಕನಿಗೆ ಸಿಗುತ್ತಿದ್ದುದು ಅರೆಹೊಟ್ಟೆ ಊಟ, ಚಾವಟಿ ಏಟು, ಅಲ್ಪ ಸಂಬಳ. ಕ್ಯಾಪ್ಟನ್‌ನನ್ನು ನೇಮಿಸುವವರು ದೂರದ ಊರಿನಲ್ಲಿ ಕೂತ ಹಡಗಿನ ಒಡೆಯರು. ಈಗಿನ ಘಾನಾ ದೇಶದ ಅನೊಮಾಬು ಬಳಿ ಹವೆಲ್ ಡೇವಿಸ್ ಎಂಬ ಕಡಲ್ಗಳ್ಳ ಆ ಹಡಗನ್ನು ಹಿಡಿದ. ಅವನೂ ವೇಲ್ಸಿನವನೇ. ರಾಬರ್ಟ್ಸ್ ಮೊದಲು ಒಲ್ಲೆ ಅಂದನಂತೆ. ಕೆಲವೇ ವಾರಗಳಲ್ಲಿ ಪ್ರಿನ್ಸಿಪೆ ದ್ವೀಪದಲ್ಲಿ ಡೇವಿಸ್ ಸತ್ತ. ಕಳ್ಳರು ಸಭೆ ಸೇರಿ, ಮೊನ್ನೆ ಮೊನ್ನೆ ಸೇರಿದ್ದ ರಾಬರ್ಟ್ಸ್‌ನನ್ನೇ ಕ್ಯಾಪ್ಟನ್ ಎಂದು ಆರಿಸಿದರು.

ಬ್ರೆಜಿಲಿನ ತೀರದಲ್ಲಿ ಅವನು ಒಂದು ಪೋರ್ಚುಗೀಸ್ ಹಡಗಿನಿಂದ ಭಾರಿ ಸಂಪತ್ತು ದೋಚಿದ. ಆದರೆ ವಾಲ್ಟರ್ ಕೆನಡಿ ಎಂಬ ಜೊತೆಗಾರನೇ ಅದನ್ನು ಹೊಡೆದುಕೊಂಡು ಓಡಿಹೋದ! ಬಾಯಿಮಾತಿನ ನಂಬಿಕೆ ಸಾಲದು ಎಂದು ತಿಳಿದದ್ದು ಆಗಲೇ. ಅಲ್ಲಿಂದ ಕರಾರುಪತ್ರ ಹುಟ್ಟಿತು.

ಅದರಲ್ಲಿ ಏನಿತ್ತು ಅಂತೀರಾ? ಮುಖ್ಯ ವಿಷಯಗಳಲ್ಲಿ ಎಲ್ಲರಿಗೂ ಒಂದೊಂದು ಮತ. ತಾಜಾ ಆಹಾರ, ಮದ್ಯಗಳಲ್ಲಿ ಸಮಾನ ಹಕ್ಕು. ಹಣ ಕಟ್ಟಿ ಜೂಜಾಡುವಂತಿಲ್ಲ. ರಾತ್ರಿ ಎಂಟಕ್ಕೆ ದೀಪ ಆರಿಸಬೇಕು. ಹಡಗಿನ ಮೇಲೆ ಹೊಡೆದಾಟ ಕೂಡದು, ಜಗಳ ಇದ್ದರೆ ದಡಕ್ಕೆ ಹೋಗಿ ತೀರಿಸಿಕೊಳ್ಳಬೇಕು. ಕ್ಯಾಪ್ಟನ್‌ಗೂ ಕ್ವಾರ್ಟರ್‌ಮಾಸ್ಟರ್‌ಗೂ ಎರಡೆರಡು ಪಾಲು, ಫಿರಂಗಿಯ ಮುಖ್ಯಸ್ಥನಂಥವರಿಗೆ ಒಂದೂವರೆ, ಸಾಮಾನ್ಯನಿಗೆ ಒಂದು. ಕೈಕಾಲು ಕಳೆದುಕೊಂಡವನಿಗೆ ಸಾಮೂಹಿಕ ನಿಧಿಯಿಂದ 800 ಡಾಲರ್. ವಾದ್ಯಗಾರರಿಗೆ ವಾರಕ್ಕೊಂದು ದಿನ ರಜೆ ಕೂಡ ಇತ್ತು! ದೊರೆಯೂ ಧಣಿಯೂ ಇಲ್ಲದ ಜಾಗದಲ್ಲಿ ಓದುಬರಹ ಅಷ್ಟಾಗಿ ಇಲ್ಲದ ಜನ ಇಷ್ಟನ್ನು ಕಟ್ಟಿಕೊಂಡಿದ್ದರು. ಈ ಶಿಸ್ತಿನ ಬಲದಿಂದ ರಾಬರ್ಟ್ಸ್ ಮೂರೇ ವರ್ಷದಲ್ಲಿ ಸುಮಾರು 400 ಹಡಗು ಹಿಡಿದ ಅನ್ನುತ್ತಾರೆ.

ಇಲ್ಲಿಗೇ ನಿಲ್ಲಿಸಿದ್ದರೆ ಅವನು ನನಗೆ ಹೀರೋ ಆಗಿಯೇ ಉಳಿಯುತ್ತಿದ್ದ. ಆದರೆ 1722ರ ಜನವರಿಯಲ್ಲಿ ಆಫ್ರಿಕದ ವೀಡಾ ಬಂದರಿನಲ್ಲಿ ಅವನು ಗುಲಾಮರ ಹಡಗುಗಳಿಂದ ಬಂಗಾರದ ಪುಡಿಯನ್ನು ಸುಲಿಗೆ ಕೇಳಿದ. ‘ಪಾರ್ಕ್ಯುಪೈನ್’ ಹಡಗಿನ ಕ್ಯಾಪ್ಟನ್ ಕೊಡಲಿಲ್ಲ. ಒಳಗೆ ಎಂಬತ್ತು ಜನ ಆಫ್ರಿಕನ್ನರು ಇಬ್ಬಿಬ್ಬರಂತೆ ಸರಪಳಿಯಲ್ಲಿದ್ದರು. ಸರಪಳಿ ಬಿಚ್ಚುವುದಕ್ಕೆ ಹೊತ್ತಾಗುತ್ತದೆ ಎಂದು ಅವನ ಜನ ಹಾಗೆಯೇ ಬೆಂಕಿ ಇಟ್ಟರು. ನೀರಿಗೆ ಹಾರಿದವರನ್ನು ಶಾರ್ಕ್ ಮೀನುಗಳು ತಿಂದವು.

1722ರ ಫೆಬ್ರುವರಿ 10ರಂದು ಲೋಪೆಜ್ ಭೂಶಿರದ ಬಳಿ ಬ್ರಿಟಿಷ್ ಯುದ್ಧನೌಕೆ ‘ಸ್ವಾಲೋ’ ಎದುರಾಯಿತು. ಗುಂಡು ಗಂಟಲಿಗೆ ತಾಗಿ ರಾಬರ್ಟ್ಸ್ ಸತ್ತ. ಅವನ ಇಚ್ಛೆಯಂತೆ ಹೆಣವನ್ನು ಸಮುದ್ರಕ್ಕೆ ಹಾಕಿದರು. ಕೇಪ್ ಕೋಸ್ಟ್ ಕೋಟೆಯಲ್ಲಿ ವಿಚಾರಣೆ ನಡೆದು 52 ಮಂದಿಗೆ ಗಲ್ಲಾಯಿತು. ಅವನ ಹಡಗುಗಳಲ್ಲಿದ್ದ ಕಪ್ಪು ಜನರಿಗೆ ವಿಚಾರಣೆಯೂ ಇಲ್ಲ. ಅವರನ್ನು ಗುಲಾಮರೆಂದು ಮಾರಿದರು.

ನನಗೆ ಅನ್ನಿಸೋದು ಇಷ್ಟು. ಕರಾರು ಚೆನ್ನಾಗಿಯೇ ಇತ್ತು. ಕ್ಯಾಪ್ಟನ್‌ನಿಂದ ಹಿಡಿದು ವಾದ್ಯಗಾರನವರೆಗೆ ಎಲ್ಲರ ಹಕ್ಕೂ ಅದರಲ್ಲಿತ್ತು. ಆದರೆ ಆ ಎಂಬತ್ತು ಜನ ಕಳ್ಳರಿಗೂ ಸರಕೇ, ಅವರನ್ನು ಗಲ್ಲಿಗೇರಿಸಿದ ಸರ್ಕಾರಕ್ಕೂ ಸರಕೇ. ಯಾವ ಸಂಘದ ನಿಯಮಾವಳಿ ನೋಡಿದರೂ ಈಗ ನಾನು ಮೊದಲು ಹುಡುಕುವುದು ಪಾಲಿನ ಲೆಕ್ಕವನ್ನಲ್ಲ. ಅದರಲ್ಲಿ ಯಾರ ಹೆಸರು ಇಲ್ಲ ಅಂತ ನೋಡುತ್ತೇನೆ.