ಹೆರ್ಮನ್ ಮೊಗ್ಲಿಂಗ್: ಅಧ್ಯಾಪನವೆಂಬ ದೀಕ್ಷೆ

1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’ ಪತ್ರಿಕೆಯು ಅದರ ಸಂಪಾದಕರಾದ ಹೆರ್ಮನ್ ಮೊಗ್ಲಿಂಗ್ (1811–1881) ಅವರ ಇತರ ಮುಖಗಳನ್ನು ಮರೆಮಾಡಿದೆಯೆಂದರೆ ತಪ್ಪಾಗಲಾರದು. ಮೂಲತಃ ಅವರು ಉಪಾಧ್ಯಾಯರು. ಪತ್ರಿಕೆಯೂ ಗ್ರಂಥಸಂಪಾದನೆಯೂ ಆ ವೃತ್ತಿಯ ಕವಲುಗಳು.

ಟ್ಯೂಬಿಂಗನ್ನಿನಲ್ಲಿ ದೈವಶಾಸ್ತ್ರ ಓದಿದ ಮೊಗ್ಲಿಂಗ್ 1836ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಮಂಗಳೂರಿಗೆ ಬಂದರು. ಲೂಥರನ ಅನುಯಾಯಿಗಳೂ ಸ್ವಿಸ್ ಸುಧಾರಿತ ಸಭೆಯವರೂ ಕೂಡಿ ನಡೆಸುತ್ತಿದ್ದ ಸಂಸ್ಥೆಯದು. ಸುಧಾರಿತ ಸಭೆಯ ಹಿಂದಿರುವ ಕಾಲ್ವಿನನ ಚಿಂತನೆಯೇ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಸಭೆಯನ್ನೂ ರೂಪಿಸಿತು. ವಿಶ್ವಾಸಿಯು ಧರ್ಮಗ್ರಂಥವನ್ನು ತಾನೇ ಓದಿ ತಿಳಿಯಬೇಕೆಂಬ ನಿಲುವು ಇರುವಲ್ಲಿ ಪ್ರಾರ್ಥನಾಮಂದಿರದ ಪಕ್ಕದಲ್ಲಿ ಶಾಲೆ ಏಳುವುದು, ಕಲಿಸುವುದು ದೈವದ ಕರೆಯೆನಿಸುವುದು ಸಹಜ. ಪ್ರೆಸ್ಬಿಟೇರಿಯನ್ ಪಾದ್ರಿ ಅಲೆಕ್ಸಾಂಡರ್ ಡಫ್ 1830ರಲ್ಲಿ ಕಲ್ಕತ್ತೆಯಲ್ಲಿ ಈ ಕರೆಯನ್ನು ಇಂಗ್ಲಿಷಿನ ಮೂಲಕ ನಡೆಸಿದರು. ಮಂಗಳೂರಿನಲ್ಲಿಯೂ ಇಂಗ್ಲಿಷ್ ಶಾಲೆಯಿತ್ತು. ಆದರೆ ಮೊಗ್ಲಿಂಗರ ಮನಸ್ಸು ನೆಲೆನಿಂತದ್ದು ಕನ್ನಡದಲ್ಲಿ, ಬಲ್ಮಠದ ವಿದ್ಯಾರ್ಥಿಗಳ ನಡುವೆ. ಹುಡುಗರೊಂದಿಗೆ ಒಂದೇ ಸೂರಿನಡಿ ಇದ್ದು ಅವರ ಊಟವನ್ನೇ ಉಂಡರು. ಯುರೋಪಿಯನ್ನರು ಅಂತರ ಕಾಯ್ದುಕೊಳ್ಳುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

1844ರ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಕೋಲಾಹಲವೆದ್ದಿತು. ವಿದ್ಯೆಗೆಂದು ಮಗನನ್ನು ಕಳುಹಿಸಿದ ಮನೆಯವರ ನಂಬಿಕೆಗೂ ಗುರುವಿನ ಧರ್ಮನಿಷ್ಠೆಗೂ ನಡುವೆ ಬಿದ್ದ ಈ ಬಿರುಕನ್ನು ಮೊಗ್ಲಿಂಗರ ಅಭಿಮಾನಿಗಳು ಲಘುವಾಗಿ ದಾಟಿಬಿಡುವುದುಂಟು. ಅದು ನ್ಯಾಯವಲ್ಲ. ಆದರೆ ಶಿಷ್ಯನನ್ನು ಮತಾಂತರದ ಅಂಕಿಯಾಗಿ ಮಾತ್ರ ಮೊಗ್ಲಿಂಗ್ ಕಾಣಲಿಲ್ಲವೆಂಬುದೂ ಅಷ್ಟೇ ನಿಜ. 1846ರಲ್ಲಿ ಕೌಂಡಿನ್ಯರನ್ನು ಬಾಸೆಲ್‌ಗೆ ಕರೆದೊಯ್ದು ಓದಿಸಿದರು. 1851ರಲ್ಲಿ ಅವರು ಪಾದ್ರಿಯಾಗಿ ಮರಳಿ ಬಂದು ಗುರುವಿಗೆ ಸಹೋದ್ಯೋಗಿಯಾದರು.

1848ರಿಂದ ಕಾಸಾಮೇಜರ್ ಎಂಬ ಅಧಿಕಾರಿಯ ಧನಸಹಾಯದಿಂದ ಬೆಳಕಿಗೆ ಬಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಕಲ್ಲಚ್ಚು ಕಂಡವು. ಅನ್ಯಮತವನ್ನು ಬೋಧಿಸಲು ಬಂದವರು ವೈಷ್ಣವ, ವೀರಶೈವ ಕೃತಿಗಳನ್ನು ಮುದ್ರಿಸಿದ್ದು ಕೇವಲ ಉದಾರತೆಯಲ್ಲ; ಕಲಿಸಬೇಕಾದರೆ ಮೊದಲು ಕಲಿಯಬೇಕೆಂಬ ಉಪಾಧ್ಯಾಯನ ವಿವೇಕವೂ ಅಲ್ಲಿದೆ.

1853ರಲ್ಲಿ ಸ್ವದೇಶಕ್ಕೆ ಹೊರಡಬೇಕಾಗಿದ್ದ ಮೊಗ್ಲಿಂಗ್ ಕೊಡಗಿಗೆ ತೆರಳಿ, ಜೀತದಲ್ಲಿದ್ದ ಹೊಲೆಯರ ನಡುವೆ ಆನಂದಪುರವನ್ನು ಕಟ್ಟಿದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1860ರಲ್ಲಿ ಜರ್ಮನಿಗೆ ಮರಳಿದ ಮೇಲೆಯೂ ಕನ್ನಡ ಅವರನ್ನು ಬಿಡಲಿಲ್ಲ. ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದರು. 1881ರ ಮೇ 10ರಂದು ಎಸ್ಲಿಂಗನ್ನಿನಲ್ಲಿ ನಿಧನರಾದರು.