ಡೊರೊಥಿಯಾ ಡಿಕ್ಸ್

ಕ್ರಿ.ಶ. 1841ನೆಯ ಇಸವಿಯ ಮಾರ್ಚ್ 28, ಭಾನುವಾರ. ಅಮೆರಿಕ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ ನಗರಕ್ಕೆ ಸಮೀಪವಾದ ಈಸ್ಟ್ ಕೇಂಬ್ರಿಜ್ ಎಂಬಲ್ಲಿನ ಸೆರೆಮನೆಗೆ ಮೂವತ್ತೆಂಟು ವರ್ಷದ ಮಹಿಳೆಯೊಬ್ಬಳು ಬಂದಳು. ಅಲ್ಲಿನ ಸ್ತ್ರೀ ಕೈದಿಗಳಿಗೆ ಧರ್ಮಪಾಠ ಹೇಳಲು ಯಾರಾದರೂ ಬೇಕಾಗಿತ್ತು. ಬೇರೆಯವರನ್ನು ಹುಡುಕುವ ಬದಲು ತಾನೇ ಆ ಕೆಲಸವನ್ನು ವಹಿಸಿಕೊಂಡು ಆಕೆ ಹೊರಟಿದ್ದಳು.

ಪಾಠ ಮುಗಿದ ಮೇಲೆ ಆಕೆ ಸೆರೆಮನೆಯ ಉಳಿದ ಕೋಣೆಗಳನ್ನು ನೋಡಿದಳು. ಯಾವ ಅಪರಾಧವನ್ನೂ ಮಾಡದ ಕೆಲವರು ಅಲ್ಲಿ ಕಳ್ಳರೊಡನೆ ಬಂದಿಗಳಾಗಿದ್ದರು. ಅವರ ತಪ್ಪೆಂದರೆ ಬುದ್ಧಿಭ್ರಮಣೆಯಾದದ್ದು ಒಂದೇ. ಆ ಸೀಮೆಯಲ್ಲಿ ಮಾರ್ಚ್ ತಿಂಗಳಿನಲ್ಲಿಯೂ ಮೈ ಕೊರೆಯುವ ಚಳಿ ಇರುತ್ತದೆ. ಆದರೂ ಅವರ ಕೋಣೆಯಲ್ಲಿ ಬೆಂಕಿಯಿರಲಿಲ್ಲ. ಏಕೆಂದು ಕೇಳಿದ್ದಕ್ಕೆ, ಹುಚ್ಚರಿಗೆ ಚಳಿಯೇ ತಿಳಿಯುವುದಿಲ್ಲ ಎಂಬ ಉತ್ತರ ಬಂದಿತು.

ಇದನ್ನು ಒಬ್ಬ ಕಾವಲುಗಾರನ ಕಲ್ಲೆದೆಯ ಮಾತೆಂದು ತಳ್ಳಿಹಾಕುವಂತಿರಲಿಲ್ಲ. ಬುದ್ಧಿ ಕೆಟ್ಟವರಿಗೆ ಬಿಸಿಲು, ಚಳಿ, ನೋವುಗಳ ಅರಿವಿಲ್ಲವೆಂದು ಆ ಕಾಲದಲ್ಲಿ ಎಷ್ಟೋ ಮಂದಿ ನಂಬಿದ್ದರು. ಆ ಮಹಿಳೆ ನಂಬಲಿಲ್ಲ. ಆಕೆ ನ್ಯಾಯಾಲಯದ ಮೊರೆಹೊಕ್ಕಳು. ಕೆಲಕಾಲದಲ್ಲಿಯೇ ಆ ಕೋಣೆಗೆ ಬೆಂಕಿಯ ಒಲೆ ಬಂದಿತು. ಆಕೆಯ ಹೆಸರು ಡೊರೊಥಿಯಾ ಲಿಂಡ್ ಡಿಕ್ಸ್.

ಡೊರೊಥಿಯಾ ಹುಟ್ಟಿದ್ದು 1802ರ ಏಪ್ರಿಲ್ 4ರಂದು, ಇಂದಿನ ಮೇನ್ ರಾಜ್ಯದ ಹ್ಯಾಂಪ್ಡನ್ ಎಂಬ ಹಳ್ಳಿಯಲ್ಲಿ. ತಂದೆ ಊರೂರು ತಿರುಗುವ ಧರ್ಮಬೋಧಕ. ಮನೆಯಲ್ಲಿ ಬಡತನವಿತ್ತು; ನೆಮ್ಮದಿಯಿರಲಿಲ್ಲ. ತಂದೆ ಮಾರುತ್ತಿದ್ದ ಧಾರ್ಮಿಕ ಪುಸ್ತಿಕೆಗಳ ಹಾಳೆಗಳನ್ನು ಹೊಲಿದು ಕೊಡುವುದು ಮಗುವಿನ ಪಾಲಿನ ಕೆಲಸವಾಗಿತ್ತು. ಹನ್ನೆರಡರ ವಯಸ್ಸಿನಲ್ಲಿ ಆಕೆ ಬಾಸ್ಟನ್ನಿನಲ್ಲಿದ್ದ ಅಜ್ಜಿಯ ಮನೆಯನ್ನು ಸೇರಿದಳು. ಹದಿನಾಲ್ಕು ತುಂಬಿದಾಗ ವುಸ್ಟರ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗೆ ಶಾಲೆ ತೆರೆದಳು. ಈಗಿನ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯ ವಯಸ್ಸದು! ದೊಡ್ಡವಳಂತೆ ಕಾಣಲೆಂದು ಉದ್ದನೆಯ ಉಡುಪು ತೊಡುತ್ತಿದ್ದಳಂತೆ. ಮುಂದೆ ಬಾಸ್ಟನ್ನಿನಲ್ಲಿ ಬಹುಕಾಲ ಉಪಾಧ್ಯಾಯಿನಿಯಾಗಿದ್ದಳು. ಮಕ್ಕಳಿಗಾಗಿ ಪುಸ್ತಕಗಳನ್ನು ಬರೆದಳು.

ಆಕೆಯ ಶ್ವಾಸಕೋಶಗಳು ದುರ್ಬಲವಾಗಿದ್ದವು. 1836ರಲ್ಲಿ ಆರೋಗ್ಯ ಪೂರ್ಣವಾಗಿ ಕುಸಿಯಿತು. ವಿಶ್ರಾಂತಿಗಾಗಿ ಇಂಗ್ಲೆಂಡಿಗೆ ಹೋಗಿ, ಲಿವರ್‌ಪೂಲಿನ ರ‍್ಯಾತ್‌ಬೋನ್ ಎಂಬ ಉದಾರಿಗಳ ಮನೆಯಲ್ಲಿ ಒಂದು ವರ್ಷಕ್ಕೂ ಮಿಗಿಲಾಗಿ ಇದ್ದಳು. ಆ ದೇಶದ ಯಾರ್ಕ್ ನಗರದಲ್ಲಿ ಕ್ವೇಕರ್ ಪಂಥದವರು 1796ರಲ್ಲಿ ಮನೋರೋಗಿಗಳಿಗಾಗಿ ಒಂದು ಆಶ್ರಯಧಾಮವನ್ನು ತೆರೆದಿದ್ದರು. ಅಲ್ಲಿ ಸರಪಣಿಯಿರಲಿಲ್ಲ, ಹೊಡೆತವಿರಲಿಲ್ಲ. ರೋಗಿಗಳು ತೋಟದಲ್ಲಿ ದುಡಿಯುತ್ತಿದ್ದರು, ಹೊಲಿಯುತ್ತಿದ್ದರು, ಓದುತ್ತಿದ್ದರು. ಮೇಲ್ವಿಚಾರಕರೊಡನೆ ಕುಳಿತು ಚಹಾ ಕುಡಿಯುತ್ತಿದ್ದರು. ಹೀಗೆ ನಡೆಸಿಕೊಂಡವರಲ್ಲಿ ಹಲವರು ಗುಣ ಹೊಂದಿ ಮನೆಗೆ ಮರಳುತ್ತಿದ್ದರು. ಈ ಸಂಗತಿಗಳು ಡೊರೊಥಿಯಾಳ ಕಿವಿಗೆ ಬಿದ್ದದ್ದು ಈ ವಾಸದ ಕಾಲದಲ್ಲಿ. ಅಷ್ಟರಲ್ಲಿ ಅಜ್ಜಿ ತೀರಿಕೊಂಡಳು. ಅಜ್ಜಿ ಬಿಟ್ಟುಹೋದ ಆಸ್ತಿಯಿಂದ ಆಕೆಯ ಜೀವನೋಪಾಯದ ಚಿಂತೆ ಕಳೆಯಿತು.

ಒಂದು ಸೆರೆಮನೆಗೆ ಒಲೆ ದೊರೆತದ್ದರಿಂದ ಆಕೆಗೆ ತೃಪ್ತಿಯಾಗಲಿಲ್ಲ. ಉಳಿದ ಊರುಗಳಲ್ಲಿ ಏನಾಗುತ್ತಿದೆ ಎಂಬುದನ್ನು ಕಣ್ಣಾರೆ ನೋಡಬೇಕೆಂದು, ಕೈಯಲ್ಲಿ ಒಂದು ಟಿಪ್ಪಣಿ ಪುಸ್ತಕವನ್ನು ಹಿಡಿದು ಮ್ಯಾಸಚೂಸೆಟ್ಸ್ ರಾಜ್ಯವನ್ನೆಲ್ಲ ಸುತ್ತಿದಳು. ಪ್ರತಿಯೊಂದು ಸೆರೆಮನೆಗೂ, ನಿರ್ಗತಿಕರಿಗೆಂದು ಊರಿನವರು ನಡೆಸುತ್ತಿದ್ದ ಪ್ರತಿಯೊಂದು ಬಡವರ ಮನೆಗೂ ಹೋದಳು. ಕೆಲವು ಊರುಗಳಲ್ಲಿ ಇಂಥವರನ್ನು ಅತಿ ಕಡಿಮೆ ಖರ್ಚಿನಲ್ಲಿ ಇಟ್ಟುಕೊಳ್ಳಲು ಒಪ್ಪಿದವರಿಗೆ ಹರಾಜಿನಲ್ಲಿ ಒಪ್ಪಿಸಿಬಿಡುತ್ತಿದ್ದರು. ನೆಲಮಾಳಿಗೆಗಳಲ್ಲಿ, ಮರದ ಪಂಜರಗಳಲ್ಲಿ, ದನದ ಕೊಟ್ಟಿಗೆಯಂಥ ಗೂಡುಗಳಲ್ಲಿ ಮೈಮೇಲೆ ಬಟ್ಟೆಯಿಲ್ಲದೆ, ಹುಲ್ಲಿನ ಮೇಲೆ, ಸಂಕೋಲೆ ತೊಟ್ಟು ಬಿದ್ದಿದ್ದ ಜನರನ್ನು ಆಕೆ ಕಂಡಳು. ಊರಿನ ಹೆಸರು, ಕೋಣೆಯ ಅಳತೆ, ರೋಗಿ ಅಲ್ಲಿದ್ದ ಕಾಲ, ಇವನ್ನೆಲ್ಲ ಗುರುತು ಹಾಕಿಕೊಂಡಳು. ಕಣ್ಣೀರು ಸುರಿಸಿ ಕಥೆ ಹೇಳುವುದಕ್ಕಿಂತ ಇದು ಕಷ್ಟದ ಕೆಲಸ.

1843ರ ಜನವರಿಯಲ್ಲಿ ಆ ಟಿಪ್ಪಣಿಗಳು ಒಂದು ಮನವಿಪತ್ರವಾಗಿ ರಾಜ್ಯದ ಶಾಸನಸಭೆಯ ಮುಂದೆ ಬಂದವು. ಹೆಂಗಸರು ಶಾಸನಸಭೆಯಲ್ಲಿ ಮಾತನಾಡುವ ಕಾಲ ಅದಲ್ಲ. ಆಕೆಯ ಪರವಾಗಿ ಅದನ್ನು ಮಂಡಿಸಿದವನು ಸ್ಯಾಮ್ಯುಯೆಲ್ ಹೌ. ಬಾಸ್ಟನ್ನಿನ ಪ್ರಸಿದ್ಧ ಅಂಧರ ಶಾಲೆಯ ಮುಖ್ಯಸ್ಥನಾಗಿದ್ದವನು ಆತನೇ. ಹೆಲೆನ್ ಕೆಲ್ಲರಳ ಗುರು ಆನ್ ಸಲಿವನ್ ಮುಂದೆ ಓದಿದ್ದು ಆ ಶಾಲೆಯಲ್ಲಿ. ಅದಕ್ಕೆ ಮೊದಲು ಆನ್ ಸಹ ಇದೇ ರಾಜ್ಯದ ಒಂದು ಬಡವರ ಮನೆಯಲ್ಲಿ ಬೆಳೆದವಳು.

ಮನವಿಪತ್ರವನ್ನು ಓದಿ ಹಲವು ಊರುಗಳ ಅಧಿಕಾರಿಗಳು ಕೆರಳಿದರು. ಆಕೆ ಹೇಳಿದ್ದು ಸುಳ್ಳೆಂದು ಪತ್ರಿಕೆಗಳಲ್ಲಿ ಬರೆದರು. ಆದರೆ ಹೆಸರು, ಸ್ಥಳಗಳ ಸಮೇತ ಬರೆದಿಟ್ಟದ್ದನ್ನು ಅಲ್ಲಗಳೆಯುವುದು ಸುಲಭವಾಗಿರಲಿಲ್ಲ. ವುಸ್ಟರಿನ ಸರ್ಕಾರಿ ಮನೋರೋಗ ಆಸ್ಪತ್ರೆಯನ್ನು ವಿಸ್ತರಿಸಲು ಸಭೆ ಒಪ್ಪಿತು.

ಅಲ್ಲಿಂದ ಮುಂದೆ ರಾಜ್ಯದಿಂದ ರಾಜ್ಯಕ್ಕೆ ಆಕೆಯ ಪ್ರಯಾಣ. ಕುದುರೆಗಾಡಿ, ನದಿಯ ದೋಣಿ, ಕೆಸರಿನ ಹಾದಿ. ಗಾಡಿಗಳು ಪದೇ ಪದೇ ಮುರಿಯುತ್ತಿದ್ದುದರಿಂದ ಸುತ್ತಿಗೆ, ಮೊಳೆ, ಹಗ್ಗಗಳನ್ನು ಆಕೆ ತನ್ನೊಡನೆಯೇ ಒಯ್ಯುತ್ತಿದ್ದಳು. ರೋಡ್ ಐಲೆಂಡಿನಲ್ಲಿ ಕಿಟಕಿಯಿಲ್ಲದ ಕಲ್ಲಿನ ಕೋಣೆಯೊಂದರಲ್ಲಿ, ಹಿಮ ಕಟ್ಟಿದ ಗೋಡೆಗಳ ನಡುವೆ ಒಬ್ಬ ರೋಗಿಯನ್ನು ಸರಪಣಿಯಲ್ಲಿ ಬಿಗಿದಿದ್ದರು. ಆಕೆ ಅದನ್ನು ಪತ್ರಿಕೆಯಲ್ಲಿ ಬರೆದಳು. ಸೈರಸ್ ಬಟ್ಲರ್ ಎಂಬ ಧನಿಕ, ಕೈ ಬಿಗಿಹಿಡಿದವನೆಂದು ಹೆಸರಾದವನು, ಇತರರೂ ಹಣ ಕೂಡಿಸಬೇಕೆಂಬ ಷರತ್ತಿನ ಮೇಲೆ 40,000 ಡಾಲರು ಕೊಟ್ಟ. ಅಲ್ಲಿ ಆಸ್ಪತ್ರೆ ಎದ್ದಿತು.

ಉತ್ತರ ಕೆರೊಲಿನಾದಲ್ಲಿ 1848ರಲ್ಲಿ ಕಾರ್ಯ ಕೈಗೂಡುವಂತೆ ಕಾಣಲಿಲ್ಲ. ಹಣ ಕೊಡಲು ಶಾಸಕರು ಸಿದ್ಧರಿರಲಿಲ್ಲ. ಆಕೆ ಇಳಿದುಕೊಂಡಿದ್ದ ವಸತಿಗೃಹದಲ್ಲಿಯೇ ಜೇಮ್ಸ್ ಡಾಬಿನ್ ಎಂಬ ಶಾಸಕನ ಹೆಂಡತಿ ಮರಣಶಯ್ಯೆಯಲ್ಲಿದ್ದಳು. ಡೊರೊಥಿಯಾ ಹಾಸಿಗೆಯ ಪಕ್ಕದಲ್ಲಿ ಕುಳಿತು ಆಕೆಯ ಶುಶ್ರೂಷೆ ಮಾಡಿದಳು. ಆಸ್ಪತ್ರೆಯ ಮಸೂದೆಗಾಗಿ ಮಾತನಾಡಬೇಕೆಂದು ಸಾಯುವ ಮುನ್ನ ಆಕೆ ಗಂಡನನ್ನು ಬೇಡಿಕೊಂಡಳು. ಅಂತ್ಯಕ್ರಿಯೆ ಮುಗಿಸಿ ಸಭೆಗೆ ಬಂದ ಡಾಬಿನ್ ಮಾತನಾಡಿದ. ಮಸೂದೆ ಅಂಗೀಕಾರವಾಯಿತು.

ಅದೇ 1848ರಲ್ಲಿ ನ್ಯೂ ಜೆರ್ಸಿ ರಾಜ್ಯದ ಟ್ರೆಂಟನ್ನಿನಲ್ಲಿ ಆಕೆಯ ಶ್ರಮದಿಂದಾದ ಆಸ್ಪತ್ರೆಯ ಬಾಗಿಲು ತೆರೆಯಿತು. ಅದನ್ನು ಆಕೆ ತನ್ನ ಚೊಚ್ಚಲ ಕೂಸೆಂದೇ ಭಾವಿಸಿದ್ದಳು. ಫಿಲಡೆಲ್ಫಿಯದ ವೈದ್ಯ ಥಾಮಸ್ ಕರ್ಕ್‌ಬ್ರೈಡ್ ಎಂಬಾತನ ಯೋಜನೆಯಂತೆ ಕಟ್ಟಿದ ಕಟ್ಟಡವದು. ನಡುವೆ ಮುಖ್ಯ ಭವನ, ಎರಡೂ ಕಡೆ ಹಿಂದಕ್ಕೆ ಸರಿಯುತ್ತ ಹೋಗುವ ಅಂಗಳಗಳು; ಪ್ರತಿ ಕೋಣೆಗೂ ಗಾಳಿ ಬೆಳಕು ಬರಬೇಕು. ಸುತ್ತಲೂ ತೋಟ, ಹೊಲ. ಒಂದು ಆಸ್ಪತ್ರೆಯಲ್ಲಿ 250ಕ್ಕಿಂತ ಹೆಚ್ಚು ರೋಗಿಗಳಿರಬಾರದೆಂಬುದು ಆ ವೈದ್ಯನ ಮತ.

ರಾಜ್ಯಗಳ ಕೃಪೆಯನ್ನೇ ನೆಚ್ಚಿದರೆ ಸಾಲದೆಂದು ಆಕೆ ರಾಷ್ಟ್ರದ ಸಂಸತ್ತನ್ನು ಕೇಳಿದಳು. ಸರ್ಕಾರದ ಭೂಮಿಯನ್ನು ಇದಕ್ಕಾಗಿ ಮೀಸಲಿಡಬೇಕೆಂಬುದು ಆಕೆಯ ಬೇಡಿಕೆ. ಆರು ವರ್ಷ ಕಾದಳು. 1854ರಲ್ಲಿ 1 ಕೋಟಿ 22 ಲಕ್ಷ ಎಕರೆಗೂ ಮೀರಿದ ಭೂಮಿಯ ಮಸೂದೆ ಎರಡೂ ಸದನಗಳಲ್ಲಿ ಗೆದ್ದಿತು. ಆದರೆ ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಅಂಕಿತ ಹಾಕಲಿಲ್ಲ. ಬಡವರ ಪೋಷಣೆ ರಾಜ್ಯಗಳ ಹೊಣೆಯೇ ಹೊರತು ಕೇಂದ್ರದ್ದಲ್ಲ ಎಂಬುದು ಆತನ ವಾದ. ಆಕೆಯ ಬಾಳಿನಲ್ಲಿ ಇಷ್ಟು ದೊಡ್ಡ ಸೋಲು ಮತ್ತೊಂದಿಲ್ಲ.

ಮನಸ್ಸು ಮುರಿದು ಯೂರೋಪಿಗೆ ಹೋದವಳು ಅಲ್ಲಿಯೂ ಸುಮ್ಮನಿರಲಿಲ್ಲ. ಸ್ಕಾಟ್ಲೆಂಡಿನ ಖಾಸಗಿ ಆಶ್ರಯಗೃಹಗಳ ದುಃಸ್ಥಿತಿಯನ್ನು ಕಂಡು ರಾತ್ರಿಯ ರೈಲು ಹತ್ತಿ ಲಂಡನ್ನಿನ ಮಂತ್ರಿಗಳ ಬಳಿಗೆ ಧಾವಿಸಿದಳು. 1855ರಲ್ಲಿ ವಿಚಾರಣಾ ಆಯೋಗ ನೇಮಕವಾಯಿತು. 1857ರಲ್ಲಿ ಹೊಸ ಶಾಸನವೇ ಬಂದಿತು.

ಆಕೆಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ದಕ್ಷಿಣದ ರಾಜ್ಯಗಳಲ್ಲಿ ಅಷ್ಟು ತಿರುಗಿಯೂ ಅಲ್ಲಿನ ಗುಲಾಮರ ಸಂಕೋಲೆಯ ವಿಷಯದಲ್ಲಿ ಆಕೆ ಮೌನವಾಗಿದ್ದಳು. ಮಾತೆತ್ತಿದ್ದರೆ ಆ ರಾಜ್ಯಗಳಲ್ಲಿ ಆಸ್ಪತ್ರೆಗಳು ಆಗುತ್ತಿರಲಿಲ್ಲವೇನೋ. ಆದರೂ ಆ ಮೌನ ಮನಸ್ಸಿಗೆ ಚುಚ್ಚುತ್ತದೆ. 1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಉತ್ತರದ ಸೈನ್ಯದ ದಾದಿಯರ ಮೇಲ್ವಿಚಾರಕಿಯಾಗಿ ನೇಮಕಗೊಂಡಳು. ಒಬ್ಬಳೇ ದುಡಿದು ಅಭ್ಯಾಸವಾದವಳಿಗೆ ಅಲ್ಲಿ ಹೊಂದಿಕೊಳ್ಳುವುದು ಕಷ್ಟವಾಯಿತು. ವೈದ್ಯರೊಡನೆ ಜಗಳಗಳಾದವು. 1863ರಲ್ಲಿ ಆಕೆಯ ಅಧಿಕಾರವನ್ನು ಮೊಟಕುಗೊಳಿಸಿದರು. ಆದರೂ ಯುದ್ಧ ಮುಗಿಯುವವರೆಗೆ ಆಕೆ ಕೆಲಸ ಬಿಡಲಿಲ್ಲ.

ಯುದ್ಧಾನಂತರ ಮತ್ತೆ ಆಸ್ಪತ್ರೆಗಳ ದಾರಿ ಹಿಡಿದಾಗ ಆಕೆ ಕಂಡದ್ದು ಬೇರೆಯೇ ನೋಟ. ಆಸ್ಪತ್ರೆ ಕಟ್ಟಲು ಹಣ ಕೊಟ್ಟಿದ್ದ ಸರ್ಕಾರಗಳು ನಡೆಸಲು ಕೈ ಬಿಗಿಹಿಡಿದಿದ್ದವು. ವಾಸಿಯಾಗದ ರೋಗಿಗಳನ್ನೆಲ್ಲ ಅಲ್ಲಿಗೇ ಕಳುಹಿಸಿದ್ದರಿಂದ ಅಂಗಳಗಳು ಕಿಕ್ಕಿರಿದಿದ್ದವು. ಮುಂದಿನ ಶತಮಾನದಲ್ಲಿ ಇಂಥ ಆಸ್ಪತ್ರೆಗಳಲ್ಲಿ ಕೆಲವು ಸಾವಿರಾರು ಜನರನ್ನು ತುಂಬಿಕೊಂಡು, ತಾವೇ ಬಂದೀಖಾನೆಗಳಂತಾದವು.

1881ರಲ್ಲಿ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಕಾಯಿಲೆ ಬಿದ್ದ ಡೊರೊಥಿಯಾ ಟ್ರೆಂಟನ್ನಿನ ಆಸ್ಪತ್ರೆಗೆ ಬಂದಳು. ಆಕೆ ಮದುವೆಯಾಗಿರಲಿಲ್ಲ, ತನ್ನದೆಂಬ ಮನೆಯನ್ನೂ ಮಾಡಿಕೊಂಡಿರಲಿಲ್ಲ. ಆಡಳಿತ ಮಂಡಲಿಯವರು ಆಕೆಗೆ ಅಲ್ಲಿಯೇ ಕೋಣೆಗಳನ್ನು ಬಿಟ್ಟುಕೊಟ್ಟರು. ಸಾವಿರಾರು ಜನರು ವಾಸಿಸುವ ಕೋಣೆಗಳನ್ನು ಅಳೆದು, ಅವರಿಗೆ ಬೆಂಕಿ ಇದೆಯೇ, ಬೆಳಕು ಇದೆಯೇ ಎಂದು ನೋಡಿದ್ದವಳು ತನ್ನ ಕೊನೆಯ ಆರು ವರ್ಷಗಳನ್ನು ಅಂಥ ಒಂದು ಆಸ್ಪತ್ರೆಯ ಸೂರಿನಡಿಯಲ್ಲಿಯೇ ಕಳೆದಳು. 1887ರ ಜುಲೈ ತಿಂಗಳಿನಲ್ಲಿ ಅಲ್ಲಿಯೇ ಪ್ರಾಣ ಬಿಟ್ಟಳು. ಈಸ್ಟ್ ಕೇಂಬ್ರಿಜಿನ ಆ ಹಳೆಯ ಸೆರೆಮನೆಯಿದ್ದ ಊರಿಗೆ ಸಮೀಪದಲ್ಲಿ, ಮೌಂಟ್ ಆಬರ್ನ್ ಎಂಬ ಸ್ಮಶಾನದಲ್ಲಿ ಆಕೆಯ ಸಮಾಧಿಯಿದೆ.